ಕಳೆದುಹೋದ ಕಂತುಗಳ ಲೆಕ್ಕ

ಒಂದು ದೈನಂದಿನ ಧಾರಾವಾಹಿ ಸಾವಿರ ಕಂತು ಓಡಿತು ಅಂದುಕೊಳ್ಳಿ. ಜಾಹೀರಾತು ಕಳೆದು ಕಂತಿಗೆ 22 ನಿಮಿಷ ಹಿಡಿದರೂ ಅದು ಸುಮಾರು 367 ಗಂಟೆಯ ಕಥೆ. ವಾರಕ್ಕೆ ಐದು ದಿನದಂತೆ ಸುಮಾರು ನಾಲ್ಕು ವರ್ಷ ಮನೆಮಂದಿ ಅದರ ಜೊತೆಗೇ ಬದುಕಿರುತ್ತಾರೆ. ನಮ್ಮ ಸಂಪಾಜೆ ಕಡೆ ಮಧ್ಯಾಹ್ನದ ಊಟ ಮುಗಿಸಿ ಅಡಿಕೆ ಸುಲಿಯುತ್ತಲೋ ಬೀಡಿ ಕಟ್ಟುತ್ತಲೋ ಟಿವಿ ಮುಂದೆ ಕೂತ ಹೆಂಗಸರು ಎಷ್ಟೋ ಕಾದಂಬರಿಗಳಷ್ಟು ಕಥೆಯನ್ನು ಹಾಗೆ ನೋಡಿ ಮುಗಿಸಿದ್ದಾರೆ. ಆದರೆ ಆ ಧಾರಾವಾಹಿಯ 412ನೇ ಕಂತು ಯಾವ ದಿನ ಬಂತು, ಅದರಲ್ಲಿ ಏನಾಯಿತು, ನಡುವೆ ಸೊಸೆಯ ಪಾತ್ರಧಾರಿ ಬದಲಾದದ್ದು ಯಾವಾಗ ಎಂದು ಕೇಳಿದರೆ ಉತ್ತರ ಎಲ್ಲಿಯೂ ಒಂದೇ ಕಡೆ ಸಿಗುವುದಿಲ್ಲ. ಚೂರು ಚೂರಾಗಿ ಜೋಡಿಸಬೇಕು. ಆ ಕೆಲಸ ಮಾಡುವವರು ಅಭಿಮಾನಿಗಳು. ಅದನ್ನು ಮಾಡುವ ಬಗೆ ಇಲ್ಲಿದೆ.

ಮೊದಲು, ಕಂತುಗಳು ಏಕೆ ಉಳಿಯುವುದಿಲ್ಲ ಎಂಬುದು ಗೊತ್ತಿರಬೇಕು. ಭಾರತದಲ್ಲಿ ಅಚ್ಚಾದ ಪುಸ್ತಕದ ಪ್ರತಿಯನ್ನು ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯವೂ ಸೇರಿದಂತೆ ಕೆಲವು ಗ್ರಂಥಾಲಯಗಳಿಗೆ ಕಳಿಸಬೇಕೆಂಬ ಕಾಯ್ದೆ 1954ರಲ್ಲೇ ಬಂತು. 1956ರಲ್ಲಿ ಪತ್ರಿಕೆಗಳೂ ಅದರೊಳಗೆ ಸೇರಿದವು. ಟಿವಿ ಕಾರ್ಯಕ್ರಮಕ್ಕೆ ಇಂಥ ಕಾಯ್ದೆ ಇಲ್ಲ. ಉಪಗ್ರಹ ವಾಹಿನಿಗಳ ನಿಯಮ ಪ್ರಸಾರದ ದಾಖಲೆಯನ್ನು 90 ದಿನ ಇಟ್ಟುಕೊಳ್ಳಿ ಎನ್ನುತ್ತದೆ, ಅದೂ ದೂರು ಬಂದರೆ ಪರಿಶೀಲಿಸಲು. ಆಮೇಲೆ ಇಡುವುದು ಬಿಡುವುದು ವಾಹಿನಿಯ ಇಷ್ಟ. ಟೇಪಿಗೆ ಬೆಲೆ ಇತ್ತು, ಕಪಾಟಿಗೆ ಜಾಗ ಬೇಕಿತ್ತು, ಅದೇ ಟೇಪಿನ ಮೇಲೆ ಮತ್ತೆ ಚಿತ್ರೀಕರಿಸಬಹುದಿತ್ತು. ಬ್ರಿಟನ್ನಿನ ಬಿಬಿಸಿಯೇ ತನ್ನ ಹೆಸರಾಂತ ‘ಡಾಕ್ಟರ್ ಹೂ’ ಸರಣಿಯ 1960ರ ದಶಕದ ಎಷ್ಟೋ ಕಂತುಗಳನ್ನು ಹೀಗೆ ಕಳೆದುಕೊಂಡಿದೆ.

ಮನೆಗಳಲ್ಲಾದರೂ ಉಳಿದಿರಬಹುದಲ್ಲ? ಮೂರು ಗಂಟೆಯ ವಿಎಚ್‌ಎಸ್ ಕ್ಯಾಸೆಟ್ಟಿನಲ್ಲಿ ಜಾಹೀರಾತು ಸಮೇತ ಆರು ಕಂತು ಹಿಡಿಯುತ್ತದೆ. ಸಾವಿರ ಕಂತಿಗೆ 167 ಕ್ಯಾಸೆಟ್ ಬೇಕು. ಯಾವ ಮನೆಯೂ ಅಷ್ಟು ಕೊಂಡಿಲ್ಲ. ಆದ್ದರಿಂದ ಉಳಿದಿರುವುದು ಆಯ್ದ ಕಂತುಗಳು: ಕೊನೆಯ ಕಂತು, ನಾಯಕಿಯ ಮದುವೆ, ಪರಿಚಯದವರು ಯಾರೋ ಒಂದು ಸಣ್ಣ ಪಾತ್ರ ಮಾಡಿದ್ದ ದಿನ. ಹಾಗಾಗಿ ಇಡೀ ಕಥೆಯನ್ನು ವಿಡಿಯೊದಲ್ಲೇ ಹುಡುಕುತ್ತೇನೆ ಎಂದು ಹೊರಟವರು ಬೇಗ ಸುಸ್ತಾಗುತ್ತಾರೆ. ಕಾಗದ, ಟೇಪು, ನೆನಪು ಈ ಮೂರನ್ನೂ ಒಟ್ಟಿಗೆ ಇಟ್ಟುಕೊಂಡು ಕೂತರೆ ಮಾತ್ರ ಕೆಲಸ ಮುಂದೆ ಸಾಗುತ್ತದೆ.

ಶುರು ಮಾಡುವುದು ವಾಹಿನಿಗಳ ಇಸವಿಯಿಂದ. ಉದಯ ಟಿವಿ ಆರಂಭವಾದದ್ದು 1994ರ ಜೂನ್ 1ರಂದು, ಈಟಿವಿ ಕನ್ನಡ 2000ದ ಡಿಸೆಂಬರ್‌ನಲ್ಲಿ, ಝೀ ಕನ್ನಡ 2006ರಲ್ಲಿ, ಸುವರ್ಣ 2007ರಲ್ಲಿ. ಈಟಿವಿ ಕನ್ನಡವು 2015ರಲ್ಲಿ ಕಲರ್ಸ್ ಕನ್ನಡವಾಯಿತು. ಈ ನಾಲ್ಕೈದು ದಿನಾಂಕ ಕೈಯಲ್ಲಿದ್ದರೆ ಅರ್ಧ ಗೊಂದಲ ಅಲ್ಲಿಯೇ ಕಳೆಯುತ್ತದೆ. ಟಿ.ಎನ್. ಸೀತಾರಾಂ, ಪಿ. ಶೇಷಾದ್ರಿ, ನಾಗೇಂದ್ರ ಶಾ ಮೂವರೂ ಸೇರಿ ನಿರ್ದೇಶಿಸಿದ ‘ಮಾಯಾಮೃಗ’ವನ್ನು ಈಟಿವಿಯಲ್ಲಿ ನೋಡಿದೆ ಎಂದು ಹೇಳುವವರಿದ್ದಾರೆ. ಅದು ಬಂದದ್ದು ದೂರದರ್ಶನದಲ್ಲಿ, 1998ರಲ್ಲಿ; ಆಗ ಈಟಿವಿ ಕನ್ನಡ ಹುಟ್ಟಿರಲೇ ಇಲ್ಲ. ಸೀತಾರಾಂ ಅವರ ‘ಮುಕ್ತ’ ಮತ್ತು ‘ಮುಕ್ತ ಮುಕ್ತ’ ಬೇರೆ ಬೇರೆ ಧಾರಾವಾಹಿಗಳಾದರೂ ನೋಡಿದವರ ತಲೆಯಲ್ಲಿ ಒಂದಾಗಿ ಬೆರೆತಿರುತ್ತವೆ. 2022ರಲ್ಲಿ ಸಿರಿಕನ್ನಡ ವಾಹಿನಿಯಲ್ಲಿ ಬಂದ ‘ಮತ್ತೆ ಮಾಯಾಮೃಗ’ ಮೊದಲಿನದರ ಮುಂದುವರಿಕೆ. ಹೀಗಾಗಿ ಯಾರಾದರೂ ದೃಶ್ಯವೊಂದನ್ನು ಹೇಳಿದಾಗ ಅದು ಯಾವುದರದು ಎಂದು ಮೊದಲು ಬಿಡಿಸಿಕೊಳ್ಳಬೇಕು.

ಸಂಪಾಜೆಯಂಥ ಊರಿನಲ್ಲಿ ಇದಕ್ಕೆ ಇನ್ನೊಂದು ಇಸವಿ ಸೇರಿಸಲೇಬೇಕು: ಆ ವಾಹಿನಿ ನಮ್ಮ ಮನೆಗೆ ಬಂದದ್ದು ಯಾವಾಗ? ಘಟ್ಟದ ಬುಡದ ಕಣಿವೆ ಇದು. ಟವರಿನಿಂದ ಹೊರಟ ಟಿವಿ ತರಂಗ ಹೆಚ್ಚುಕಡಿಮೆ ನೇರ ಗೆರೆಯಲ್ಲಿ ಸಾಗುತ್ತದೆ, ಗುಡ್ಡ ಅಡ್ಡ ಬಂದರೆ ಅಲ್ಲಿಗೇ ನಿಲ್ಲುತ್ತದೆ. ಎತ್ತರದ ಮನೆಗೆ ದೂರದರ್ಶನ ಚೆನ್ನಾಗಿ ಕಂಡರೆ ಹೊಳೆ ಬದಿಯ ಮನೆಗೆ ಬರೀ ಚುಕ್ಕಿ ಕಾಣುತ್ತಿತ್ತು. ತೋಟದ ನಡುವಿನ ಒಂಟಿ ಮನೆಗಾಗಿ ಕೇಬಲ್ ಎಳೆಯುವುದು ಗಿಟ್ಟುವ ಕೆಲಸವಾಗಿರಲಿಲ್ಲ. ಅಂಥ ಕಡೆ ಉದಯ, ಈಟಿವಿ ಕಾಣಿಸಿದ್ದು ಡಿಶ್ ಬಂದ ಮೇಲೆ. ದೂರದರ್ಶನದ ಉಚಿತ ಡಿಟಿಎಚ್ 2004ರ ಡಿಸೆಂಬರ್‌ನಲ್ಲಿ ಶುರುವಾಯಿತು. ಬೆಂಗಳೂರಿನವರ ನೆನಪಿನ ಇಸವಿಯೂ ನಮ್ಮವರ ನೆನಪಿನ ಇಸವಿಯೂ ಹೊಂದದಿದ್ದರೆ ಯಾರದೋ ನೆನಪು ತಪ್ಪೆಂದು ತೀರ್ಮಾನಿಸಬೇಡಿ. ಮರುಪ್ರಸಾರವನ್ನು ನೋಡಿರಬಹುದು, ನಡುವಿನಿಂದ ನೋಡಲು ಶುರು ಮಾಡಿರಬಹುದು. ನನ್ನ ಮಟ್ಟಿಗೆ ಇದೂ ಆ ಧಾರಾವಾಹಿಯ ಚರಿತ್ರೆಯ ಭಾಗವೇ.

ಮಳೆಗಾಲ ಇನ್ನೊಂದು ತೊಡಕು. ಜೂನ್‌ನಿಂದ ಆಗಸ್ಟ್‌ವರೆಗೆ ಕರೆಂಟು ಹೋದರೆ ಬರುವ ಹೊತ್ತು ಗೊತ್ತಿಲ್ಲ. ಇಲ್ಲಿಯವರನ್ನು ಕೇಳಿ ಕಥೆ ಜೋಡಿಸುವಾಗ ಆ ತಿಂಗಳುಗಳ ಕಂತುಗಳೇ ಹೆಚ್ಚು ಖಾಲಿ ಬೀಳುತ್ತವೆ. ಆ ಜಾಗ ತುಂಬಲು ಕಾಗದಕ್ಕೆ ಹೋಗಬೇಕು.

ಕಾಗದ ಎಂದರೆ ಮುಖ್ಯವಾಗಿ ದಿನಪತ್ರಿಕೆಯ ‘ಟಿವಿಯಲ್ಲಿ ಇಂದು’ ಥರದ ಅಂಕಣ. ಪ್ರಜಾವಾಣಿ, ಉದಯವಾಣಿ, ಕನ್ನಡಪ್ರಭದ ಹಳೆಯ ಕಟ್ಟುಗಳು ದೊಡ್ಡ ಸಾರ್ವಜನಿಕ ಗ್ರಂಥಾಲಯಗಳಲ್ಲಿ ಸಿಗುತ್ತವೆ. ಒಂದು ತಿಂಗಳ ಕಟ್ಟನ್ನು ಪೂರ್ತಿ ತಿರುವಬೇಕಾಗಿಲ್ಲ. ತಿಂಗಳ ಮೊದಲ ಸೋಮವಾರ ನೋಡಿ, ಧಾರಾವಾಹಿ ಇದೆಯೇ ಇಲ್ಲವೇ ಗುರುತು ಹಾಕಿ, ಮುಂದಿನ ತಿಂಗಳಿಗೆ ಹಾರಿ. ಒಂದು ತಿಂಗಳಲ್ಲಿ ಇದ್ದು ಮರುತಿಂಗಳಲ್ಲಿ ಇಲ್ಲವಾದರೆ ಆ ಎರಡು ಸೋಮವಾರಗಳ ನಡುವೆ ಮಾತ್ರ ದಿನದಿನವೂ ಹುಡುಕಿ. ಆರಂಭ, ಮುಕ್ತಾಯ, ಸಮಯ ಬದಲಾದ ದಿನ ಮೂರೂ ಹೀಗೆ ಬೇಗ ಸಿಗುತ್ತವೆ. ಮಧ್ಯಾಹ್ನದ ಧಾರಾವಾಹಿಗಳ ಕಷ್ಟವೇ ಬೇರೆ: ಜಾಗ ಸಾಲದಾಗ ಹೆಸರು ಬಿಟ್ಟು ಬರೀ ‘ಧಾರಾವಾಹಿ’ ಎಂದು ಅಚ್ಚು ಹಾಕಿರುವುದುಂಟು. ಆಗ ಅದೇ ದಿನದ ಇನ್ನೊಂದು ಪತ್ರಿಕೆ ನೋಡಬೇಕು. ಸುಧಾ, ತರಂಗದಂಥ ವಾರಪತ್ರಿಕೆಗಳ ಲೇಖನ ಮತ್ತು ಓದುಗರ ಪತ್ರಗಳನ್ನು ಬಿಡಬೇಡಿ. ‘ಕಥೆಯನ್ನು ಎಳೆಯುತ್ತಿದ್ದಾರೆ, ಆ ಪಾತ್ರವನ್ನು ಏಕೆ ಸಾಯಿಸಿದಿರಿ’ ಎಂದು ಸಿಟ್ಟಾದ ಓದುಗರ ಒಂದು ಪತ್ರ ಕಥೆ ಆ ವಾರ ಎಲ್ಲಿತ್ತು ಎಂಬುದನ್ನು ಹೇಳಿಬಿಡುತ್ತದೆ.

ಸಂಪಾಜೆಯವರಿಗೆ ಇಲ್ಲೊಂದು ಅನುಕೂಲ ಇದೆ. ಒಂದು ಸಂಪಾಜೆ ಕೊಡಗಿನ ಮಡಿಕೇರಿ ತಾಲ್ಲೂಕಿಗೆ ಸೇರಿದರೆ ಇನ್ನೊಂದು ದಕ್ಷಿಣ ಕನ್ನಡದ ಸುಳ್ಯ ತಾಲ್ಲೂಕಿಗೆ ಸೇರಿದ್ದು. ಗಡಿಯ ಗೇಟಿನ ಈಚೆ ಮಡಿಕೇರಿಯ ‘ಶಕ್ತಿ’ ಓದುತ್ತಾರೆ, ಆಚೆ ಸುಳ್ಯದ ‘ಸುದ್ದಿ ಬಿಡುಗಡೆ’. ನಮ್ಮ ಊರಿನ ಹುಡುಗನೋ ಹುಡುಗಿಯೋ ಧಾರಾವಾಹಿಯಲ್ಲಿ ಕಾಣಿಸಿಕೊಂಡ ಸುದ್ದಿ ರಾಜ್ಯಮಟ್ಟದ ಪತ್ರಿಕೆಯಲ್ಲಿ ಇರುವುದಿಲ್ಲ, ಇಂಥ ಪತ್ರಿಕೆಯಲ್ಲಿ ಇರುತ್ತದೆ. ಸಣ್ಣ ಪಾತ್ರಧಾರಿಗಳ ಪಟ್ಟಿ ಹಿಗ್ಗುವುದು ಇಲ್ಲಿಂದಲೇ.

ಒಂದು ಎಚ್ಚರ. ಪತ್ರಿಕೆಯ ಅಂಕಣ ಹೇಳುವುದು ಏನು ಪ್ರಸಾರವಾಗಬೇಕಿತ್ತು ಎಂಬುದನ್ನು ಮಾತ್ರ. ಕ್ರಿಕೆಟ್ ಪಂದ್ಯ ಉದ್ದವಾದರೆ, ದೊಡ್ಡವರು ತೀರಿಕೊಂಡರೆ ಕಂತು ಮುಂದಕ್ಕೆ ಹೋಗುತ್ತದೆ. 2006ರ ಏಪ್ರಿಲ್ 12ರಂದು ಡಾ. ರಾಜ್‌ಕುಮಾರ್ ನಿಧನರಾದಾಗ ಆ ದಿನದ ಅಂಕಣ ಬೆಳಿಗ್ಗೆಯೇ ಅಚ್ಚಾಗಿತ್ತು. ಅಂಥ ದಿನಗಳನ್ನು ಮೊದಲೇ ಗುರುತಿಸಿಟ್ಟುಕೊಳ್ಳದಿದ್ದರೆ ಕಂತಿನ ಸಂಖ್ಯೆ ಒಂದೆರಡು ಜಾರಿ, ಮುಂದಿನ ಲೆಕ್ಕವೆಲ್ಲ ತಪ್ಪುತ್ತದೆ.

ಇನ್ನು ಟೇಪು. ಅಟ್ಟದ ಮೇಲೆ ಹಳೆಯ ಕ್ಯಾಸೆಟ್ ಸಿಕ್ಕಿದ ಕೂಡಲೇ ವಿಸಿಆರ್‌ಗೆ ಹಾಕಬೇಡಿ. ಬೆಳಕಿಗೆ ಹಿಡಿದು ಕಿಟಕಿಯಂಥ ಪಾರದರ್ಶಕ ಭಾಗದಲ್ಲಿ ನೋಡಿ. ಸುತ್ತಿದ ಟೇಪಿನ ಅಂಚಿನಲ್ಲಿ ಬಿಳಿ ಪುಡಿಯೋ ಎಳೆಯೋ ಕಂಡರೆ ಅದು ಬೂಸ್ಟು. ನಮ್ಮ ಮಳೆಗೆ ಅದು ಬರದಿದ್ದರೆ ಆಶ್ಚರ್ಯ. ಹಾಗೆಯೇ ಓಡಿಸಿದರೆ ಟೇಪು ಹರಿಯಬಹುದು, ವಿಸಿಆರಿನ ಹೆಡ್ ಕೆಡಬಹುದು, ಆಮೇಲೆ ಹಾಕಿದ ಒಳ್ಳೆಯ ಕ್ಯಾಸೆಟ್ಟಿಗೂ ಅಂಟಬಹುದು. ಬೂಸ್ಟು ಹಿಡಿದದ್ದನ್ನು ಬೇರೆ ಡಬ್ಬಿಯಲ್ಲಿ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಟ್ಟು, ಶುಚಿ ಮಾಡಲು ಬಲ್ಲವರಿಗೇ ಕೊಡಿ.

ಕ್ಯಾಸೆಟ್ಟಿನ ಬೆನ್ನಿನ ಕಡೆ ಒಂದು ಸಣ್ಣ ಪ್ಲಾಸ್ಟಿಕ್ ತುಂಡು ಇರುತ್ತದೆ. ಅದನ್ನು ಮುರಿದರೆ ಅದರ ಮೇಲೆ ಮತ್ತೆ ರೆಕಾರ್ಡ್ ಆಗುವುದಿಲ್ಲ. ಮುರಿದಿದ್ದರೆ, ಯಾರೋ ಇದನ್ನು ಉಳಿಸಲೇಬೇಕೆಂದು ಇಟ್ಟಿದ್ದಾರೆ ಎಂದರ್ಥ. ಮುರಿದ ಜಾಗಕ್ಕೆ ಗಮ್ ಟೇಪ್ ಅಂಟಿಸಿದ್ದರೆ, ಆಮೇಲೆ ಮನಸ್ಸು ಬದಲಿಸಿ ಅದರ ಮೇಲೆಯೇ ಬೇರೇನೋ ತುಂಬಿಸಿದ್ದಾರೆ. ಆಗಲೂ ಆಸೆ ಬಿಡಬೇಡಿ. ಹೊಸದು ಟೇಪಿನ ಕೊನೆಯ ತನಕ ಹೋಗಿರದಿದ್ದರೆ ಹಳೆಯದರ ಬಾಲ ಹಾಗೆಯೇ ಉಳಿದಿರುತ್ತದೆ. ಮದುವೆಯ ಕ್ಯಾಸೆಟ್ ಎಂದು ಹೆಸರು ಬರೆದಿದ್ದರೂ ಕೊನೆಯ ನಿಮಿಷದವರೆಗೆ ಓಡಿಸಿ ನೋಡಿ.

ಕಂಪ್ಯೂಟರಿಗೆ ಇಳಿಸುವಾಗ ಜಾಹೀರಾತನ್ನು ಕತ್ತರಿಸಬೇಡಿ. ಇಡೀ ಲೇಖನದಲ್ಲಿ ಒಂದು ಮಾತು ಮಾತ್ರ ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ. ಕಂತಿನೊಳಗೆ ದಿನಾಂಕ ಇರುವುದಿಲ್ಲ, ಜಾಹೀರಾತಿನಲ್ಲಿ ಇರುತ್ತದೆ. ‘ಇದೇ ಶುಕ್ರವಾರ ತೆರೆಗೆ’ ಎಂಬ ಸಿನಿಮಾ ಜಾಹೀರಾತು ಬಂದರೆ ಆ ಸಿನಿಮಾ ಬಿಡುಗಡೆಯಾದ ದಿನ ಹುಡುಕಿ. ಕಂತು ಆ ದಿನಕ್ಕೆ ಮುಂಚಿನ ಒಂದು ವಾರದೊಳಗಿನದು. ಸೋಪಿನ ಬೆಲೆ, ಹಬ್ಬದ ಸೀರೆ ರಿಯಾಯಿತಿ, ಮುಂದಿನ ವಾರ ಹೊಸ ಧಾರಾವಾಹಿ ಎಂಬ ಪ್ರೋಮೊ, ಮೂಲೆಯಲ್ಲಿರುವ ವಾಹಿನಿಯ ಲಾಂಛನ ಇವೆಲ್ಲ ಸೇರಿ ಆ ಅವಧಿಯನ್ನು ಇನ್ನಷ್ಟು ಕಿರಿದು ಮಾಡುತ್ತವೆ. ಹೊಸ ವಿಸಿಆರ್ ಈಗ ಸಿಗುವುದಿಲ್ಲ. ತಯಾರಿಸುತ್ತಿದ್ದ ಕೊನೆಯ ಕಂಪನಿಯಾದ ಜಪಾನಿನ ಫುನಾಯ್ 2016ರಲ್ಲಿ ನಿಲ್ಲಿಸಿತು. ರಿಪೇರಿ ಅಂಗಡಿಯವರನ್ನು ಪರಿಚಯ ಮಾಡಿಕೊಳ್ಳುವುದೇ ದಾರಿ.

ಚಿತ್ರ ಹೋಗಿ ಧ್ವನಿ ಮಾತ್ರ ಸಿಕ್ಕರೂ ಬಿಸಾಡಬೇಡಿ. ಅಮೆರಿಕದಲ್ಲಿ 1966ರಿಂದ 1971ರವರೆಗೆ ಮಧ್ಯಾಹ್ನದ ಹೊತ್ತು ಬಂದ ‘ಡಾರ್ಕ್ ಶ್ಯಾಡೋಸ್’ ಧಾರಾವಾಹಿಯ 1,225 ಕಂತುಗಳಲ್ಲಿ 1219ನೆಯದೊಂದೇ ಕಳೆದುಹೋಗಿದೆ. ಅಭಿಮಾನಿಯೊಬ್ಬರು ಮನೆಯಲ್ಲಿ ಟಿವಿಯ ಧ್ವನಿಯನ್ನಷ್ಟೇ ಹಿಡಿದಿಟ್ಟಿದ್ದ ಟೇಪು ಇದ್ದದ್ದರಿಂದ, ಬೇರೆ ಕಂತುಗಳ ಚಿತ್ರ ಜೋಡಿಸಿ ಅದನ್ನೂ ಪುನಃ ಕಟ್ಟಲಾಯಿತು.

ಮೂರನೆಯದು, ನನಗೆ ಎಲ್ಲಕ್ಕಿಂತ ಬೆಲೆಯುಳ್ಳದ್ದು, ನೋಡಿದವರ ನೆನಪು. ‘ಅಜ್ಜಿ, ಅದು ಯಾವ ಇಸವಿ?’ ಎಂದು ಕೇಳಿದರೆ ಉತ್ತರ ಬರುವುದಿಲ್ಲ. ‘ಅಜ್ಜಿ, ಅದನ್ನು ನೋಡುವಾಗ ನಮ್ಮಲ್ಲಿ ಫೋನ್ ಬಂದಿತ್ತಾ? ದೊಡ್ಡಪ್ಪನ ಮನೆ ಒಕ್ಕಲಾಗಿತ್ತಾ?’ ಎಂದು ಕೇಳಿ. ಮನೆಯ ಘಟನೆಗಳ ಜೊತೆ ಎಲ್ಲರಿಗೂ ಗೊತ್ತಿರುವ ಘಟನೆಗಳನ್ನೂ ಇಡಿ: 1999ರ ಕಾರ್ಗಿಲ್ ಯುದ್ಧ, 2000ದ ಜುಲೈ 30ರಂದು ರಾಜ್‌ಕುಮಾರ್ ಅಪಹರಣ, ನವೆಂಬರ್ 15ರಂದು ಬಿಡುಗಡೆ. ತೀರಾ ಈಚಿನದಕ್ಕೆ, ಜೋಡುಪಾಲದ ಗುಡ್ಡ ಜರಿದು ಮಡಿಕೇರಿ ರಸ್ತೆ ಬಂದಾದ 2018ರ ಆಗಸ್ಟ್. ಅದಕ್ಕೆ ಮುಂಚೆಯೋ ಆಮೇಲೋ ಎಂಬ ಪ್ರಶ್ನೆಗೆ ಇಲ್ಲಿ ಯಾರೂ ತಡವರಿಸುವುದಿಲ್ಲ. ಪಾತ್ರದ ಹೆಸರನ್ನು ನೀವಾಗಿ ಹೇಳಿಕೊಡಬೇಡಿ, ಅವರೇ ಹೇಳಲಿ. ಇಬ್ಬರನ್ನು ಒಟ್ಟಿಗೆ ಕೂರಿಸಿದರೆ ಒಬ್ಬರ ನೆನಪನ್ನು ಇನ್ನೊಬ್ಬರು ಒಪ್ಪಿಬಿಡುತ್ತಾರೆ. ಮೊದಲು ಬೇರೆ ಬೇರೆಯಾಗಿ ಕೇಳಿ, ಆಮೇಲೆ ಒಟ್ಟಿಗೆ ಕೂರಿಸಿ.

ನೋಡುಗರ ಮಾತಿಗೆ ಎಷ್ಟು ಬೆಲೆ ಇದೆ ಎಂಬುದಕ್ಕೆ 1984ರ ಜುಲೈ 7ರಂದು ದೂರದರ್ಶನದಲ್ಲಿ ಶುರುವಾದ ‘ಹಮ್ ಲೋಗ್’ ನೋಡಿ. ಕಂತಿನ ಕೊನೆಯಲ್ಲಿ ಬಂದು ಮಾತಾಡುತ್ತಿದ್ದ ನಟ ಅಶೋಕ್ ಕುಮಾರ್ ಅವರಿಗೆ ಲಕ್ಷಗಟ್ಟಲೆ ಪತ್ರ ಬಂದವು. ಆ ಪತ್ರಗಳನ್ನೇ ಇಟ್ಟುಕೊಂಡು ಸಂಶೋಧಕರಾದ ಅರವಿಂದ ಸಿಂಘಾಲ್ ಮತ್ತು ಎವರೆಟ್ ರೋಜರ್ಸ್ ಅಧ್ಯಯನ ಮಾಡಿದರು.

ಜಾಗವೂ ಸಾಕ್ಷಿ ಹೇಳುತ್ತದೆ. ಶಂಕರ್‌ನಾಗ್ ‘ಮಾಲ್ಗುಡಿ ಡೇಸ್’ ಚಿತ್ರೀಕರಿಸಿದ ಆಗುಂಬೆಯ ದೊಡ್ಡಮನೆಗೆ ಜನ ಈಗಲೂ ಹುಡುಕಿಕೊಂಡು ಹೋಗುತ್ತಾರೆ. ರೈಲಿನ ದೃಶ್ಯಗಳು ನಡೆದ ಶಿವಮೊಗ್ಗ ಜಿಲ್ಲೆಯ ಅರಸಾಳು ನಿಲ್ದಾಣದಲ್ಲಿ 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ಆಯಿತು, ಆ ಸರಣಿಯ ಕಲಾ ನಿರ್ದೇಶಕ ಜಾನ್ ದೇವರಾಜ್ ಅವರ ಕೈಯಿಂದಲೇ. ದೈನಂದಿನ ಧಾರಾವಾಹಿಗಳ ಮನೆ, ಕೋರ್ಟು, ಬಸ್ ನಿಲ್ದಾಣಗಳಿಗೆ ಇಂಥ ಭಾಗ್ಯ ಬಂದಿಲ್ಲ. ಕೊನೆಯಲ್ಲಿ ಓಡುವ ಹೆಸರಿನ ಪಟ್ಟಿಯನ್ನು ನಿಲ್ಲಿಸಿ ಓದಿ. ‘ಕೃತಜ್ಞತೆಗಳು’ ಎಂಬ ಸಾಲಿನಲ್ಲಿ ಮನೆ ಬಿಟ್ಟುಕೊಟ್ಟವರ, ಊರಿನವರ ಹೆಸರು ಇರುವುದುಂಟು.

ಬರೆದಿಡುವುದು ಹೇಗೆ? ಕಂತಿಗೆ ಒಂದು ಸಾಲು ಸಾಕು: ದಿನಾಂಕ, ಸಂಖ್ಯೆ, ಏನಾಯಿತು, ಯಾರಿದ್ದರು. ಅದರ ಪಕ್ಕದಲ್ಲಿ ಇದು ಎಲ್ಲಿಂದ ಗೊತ್ತಾಯಿತು ಎಂಬುದನ್ನು ತಪ್ಪದೆ ಬರೆಯಿರಿ. ಪತ್ರಿಕೆಯಲ್ಲಿ ಕಂಡದ್ದು, ಟೇಪಿನಲ್ಲಿ ಕಂಡದ್ದು, ಒಬ್ಬರು ಹೇಳಿದ್ದು, ಇಬ್ಬರು ಬೇರೆ ಬೇರೆಯಾಗಿ ಹೇಳಿದ್ದು ಎಂದು ಬೇರೆ ಗುರುತು ಇರಲಿ. ಗೊತ್ತಿಲ್ಲದ ಕಂತಿನ ಸಾಲನ್ನು ಖಾಲಿ ಬಿಡಿ. ಊಹಿಸಿ ತುಂಬಿಸಿದ ಒಂದು ಸಾಲನ್ನು ಮುಂದಿನವರು ನಿಜವೆಂದು ನಕಲು ಮಾಡಿಕೊಂಡರೆ ತಿದ್ದಲು ವರ್ಷಗಳೇ ಬೇಕಾಗುತ್ತವೆ.

ಕಾನೂನಿನ ಮಾತು ಚಿಕ್ಕದಾಗಿ. 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಚಲನಚಿತ್ರದ ಸಾಲಿಗೆ ಸೇರುವ ಕೃತಿಗೆ 60 ವರ್ಷ ರಕ್ಷಣೆ ಇದೆ, ಪ್ರಸಾರಕರ ಹಕ್ಕಿಗೆ 25 ವರ್ಷ. ಅಧ್ಯಯನಕ್ಕೆಂದು ನಿಮ್ಮಲ್ಲಿ ಪ್ರತಿ ಇಟ್ಟುಕೊಳ್ಳುವುದು ಬೇರೆ, ಇಡೀ ಕಂತನ್ನು ಯೂಟ್ಯೂಬಿಗೆ ಹಾಕುವುದು ಬೇರೆ. ಎರಡನೆಯದಕ್ಕೆ ಅನುಮತಿ ಬೇಕು. ದೂರದರ್ಶನದ ಪ್ರಾಯೋಜಿತ ಧಾರಾವಾಹಿಗಳಲ್ಲಿ ಹಕ್ಕು ಎಷ್ಟೋ ಸಲ ನಿರ್ಮಾಪಕರ ಬಳಿಯೇ ಇರುತ್ತದೆ, ಖಾಸಗಿ ವಾಹಿನಿಗಳದ್ದು ಸಾಮಾನ್ಯವಾಗಿ ವಾಹಿನಿಯ ಬಳಿ; ಪತ್ರ ಬರೆಯುವ ಮೊದಲು ಯಾರಿಗೆ ಬರೆಯಬೇಕೆಂದು ತಿಳಿದುಕೊಳ್ಳಿ. ನೀವೇ ತಯಾರಿಸಿದ ಕಂತುಗಳ ಪಟ್ಟಿ, ದಿನಾಂಕ, ನಿಮ್ಮ ಮಾತಿನಲ್ಲಿ ಬರೆದ ಕಥಾಸಾರಕ್ಕೆ ಈ ತೊಡಕಿಲ್ಲ.

ಕೆಲಸದ ಒಂದು ಪ್ರತಿ ಮನೆಯಲ್ಲಿ, ಇನ್ನೊಂದು ಬೇರೆ ಊರಿನಲ್ಲಿರುವ ನೆಂಟರ ಕಂಪ್ಯೂಟರಿನಲ್ಲಿ, ಅಚ್ಚು ಹಾಕಿದ್ದು ಒಂದು ಹತ್ತಿರದ ಗ್ರಂಥಾಲಯದಲ್ಲಿ ಇರಲಿ. ಶುರು ಮಾಡುವಾಗ ದೊಡ್ಡ ಹೆಸರಿನ ಧಾರಾವಾಹಿಯನ್ನು ಎತ್ತಿಕೊಳ್ಳಬೇಡಿ. ಅದನ್ನು ಬೆಂಗಳೂರಿನಲ್ಲಿ ಯಾರಾದರೂ ಮಾಡುತ್ತಾರೆ. ನಿಮ್ಮ ಮನೆಯವರು ಮಧ್ಯಾಹ್ನ ತಪ್ಪದೆ ನೋಡುತ್ತಿದ್ದ, ಈಗ ಹೆಸರೂ ಅರ್ಧ ಮರೆತಿರುವ ಒಂದನ್ನು ಆರಿಸಿಕೊಳ್ಳಿ, ಅದನ್ನು ನೋಡಿದವರಲ್ಲಿ ಎಲ್ಲರಿಗಿಂತ ಹಿರಿಯರ ಮನೆಗೆ ಮೊದಲು ಹೋಗಿ.