ಮಹತ್ಕಾರ್ಯದ ಮರುದಿನ

ಮಗಳ ಮದುವೆ ಮುಗಿಸಿ, ಊರಿನ ಬಂಧುಗಳನ್ನು ದಾದರ್‌ನಲ್ಲಿ ರೈಲು ಹತ್ತಿಸಿ ಬಂದವರಿಗೆ ಈ ಅನುಭವ ಹೊಸದಲ್ಲ. ಕಾರ್ಯವು ಸಾಂಗವಾಗಿ ನೆರವೇರಿದೆ. ಆದರೆ ನಿರೀಕ್ಷಿಸಿದ ಹರ್ಷದ ಬದಲು ಮನಸ್ಸನ್ನು ಒಂದು ಬಗೆಯ ಶೂನ್ಯವು ಆವರಿಸುತ್ತದೆ.

ನಾನೂ ಇದನ್ನು ಅನುಭವಿಸಿದವನೇ. ನಮ್ಮ ಶಾಖೆಯ ಲೆಕ್ಕಪತ್ರಗಳನ್ನು ಹೊಸ ಗಣಕ ವ್ಯವಸ್ಥೆಗೆ ವರ್ಗಾಯಿಸುವ ಹೊಣೆ ನನ್ನ ಪಾಲಿಗೆ ಬಂದಿತ್ತು. ಮೂರು ತಿಂಗಳು ಭಾನುವಾರವನ್ನೇ ಅರಿಯದೆ ದುಡಿದೆ. ಕೊನೆಯ ಪೈಸೆಯೂ ತಾಳೆಯಾದ ಮರುವಾರ, ಮೇಜಿನ ಮೇಲಿದ್ದ ಸಾಮಾನ್ಯ ಪತ್ರವೊಂದಕ್ಕೆ ಉತ್ತರ ಬರೆಯಲೂ ಕೈ ಏಳಲಿಲ್ಲ. ಸೋಮಾರಿಯಾದೆನೆಂದು ನನ್ನನ್ನೇ ಹಳಿದುಕೊಂಡೆ.

ಇದು ಸೋಮಾರಿತನವಲ್ಲ. ರೋಮನ್ ಸಾಮ್ರಾಜ್ಯದ ಪತನದ ಇತಿಹಾಸವನ್ನು ಬರೆದ ಎಡ್ವರ್ಡ್ ಗಿಬ್ಬನ್, 1787ರ ಜೂನ್ 27ರ ರಾತ್ರಿ ಕೊನೆಯ ಸಾಲು ಬರೆದು ಲೇಖನಿಯನ್ನು ಕೆಳಗಿಟ್ಟಾಗ ಮೊದಲು ಸಂತೋಷಪಟ್ಟನು. ಒಡನೆಯೇ ಬಹುಕಾಲದ ಒಡನಾಟ ತಪ್ಪಿತೆಂಬ ವಿಷಾದ ಆತನನ್ನು ಕವಿಯಿತು.

ಇದಕ್ಕೆ ಕಾರಣಗಳಿವೆ. ಉತ್ಸಾಹಕ್ಕೂ ಮೆದುಳಿನಲ್ಲಿ ಸ್ರವಿಸುವ ಡೋಪಮೀನ್ ಎಂಬ ರಾಸಾಯನಿಕಕ್ಕೂ ನಿಕಟ ಸಂಬಂಧವುಂಟು. ನಿರೀಕ್ಷಿತ ಫಲವು ಕೈಸೇರಿದಾಗಿಗಿಂತ, ಅದು ದೊರೆಯಲಿದೆಯೆಂಬ ಸೂಚನೆ ಕಂಡಾಗ ಈ ಸ್ರಾವವು ಹೆಚ್ಚುವುದೆಂದು ಪ್ರಾಣಿಗಳ ಮೇಲಿನ ಪ್ರಯೋಗಗಳು ತೋರಿಸಿವೆ. ಗುರಿ ಮುಟ್ಟಿದೊಡನೆ ನಿರೀಕ್ಷೆ ಮುಗಿಯುತ್ತದೆ. ಅದರೊಂದಿಗೆ ದಿನಚರಿಯ ಕಟ್ಟೂ ಜೊತೆಗಾರರ ಸಹವಾಸವೂ ಕಳಚುತ್ತವೆ. ಬಾಕಿ ಬಿದ್ದ ನಿದ್ರೆಯೂ ಆಗಲೇ ಸಾಲ ವಸೂಲಿಗೆ ಬರುತ್ತದೆ.

ಹಾಗಾದರೆ ಮಾಡಬೇಕಾದುದೇನು? ಮೊದಲನೆಯದಾಗಿ, ಲೆಕ್ಕವನ್ನು ಕ್ರಮವಾಗಿ ಮುಕ್ತಾಯಗೊಳಿಸಿರಿ: ಕಾಗದಪತ್ರಗಳನ್ನು ಜೋಡಿಸಿ, ನೆರವಾದವರಿಗೆ ಕೃತಜ್ಞತೆ ಹೇಳಿ, ಕಲಿತುದನ್ನು ಒಂದು ಪುಟದಲ್ಲಿ ಬರೆದಿಡಿರಿ. ಎರಡನೆಯದಾಗಿ, ಕೆಲವು ದಿನ ಬೇಗನೆ ಮಲಗಿರಿ. ನಿತ್ಯವೂ ಅರ್ಧ ಗಂಟೆ ನಡೆಯಿರಿ. ಮೂರನೆಯದಾಗಿ, ಶೂನ್ಯವನ್ನು ತುಂಬುವ ಆತುರದಲ್ಲಿ ಮತ್ತೊಂದು ದೊಡ್ಡ ಹೊಣೆಯನ್ನು ಹೊರಬೇಡಿರಿ. ಹದಿನೈದು ನಿಮಿಷದಲ್ಲಿ ಮುಗಿಯುವ ಚಿಕ್ಕ ಕೆಲಸವೊಂದನ್ನು ಹಿಡಿಯಿರಿ. ಉತ್ಸಾಹ ಬರಲೆಂದು ಕಾಯುತ್ತ ಕೂರುವುದಕ್ಕಿಂತ ಇದು ಲೇಸು. ಅನೇಕ ವೇಳೆ ಕೆಲಸವೇ ಉತ್ಸಾಹವನ್ನು ಕರೆತರುತ್ತದೆ.

ಒಂದು ಎಚ್ಚರಿಕೆಯ ಮಾತು. 1969ರಲ್ಲಿ ಚಂದ್ರನ ಮೇಲೆ ನಡೆದ ಬಜ್ ಆಲ್ಡ್ರಿನ್, ಭೂಮಿಗೆ ಮರಳಿದ ಮೇಲೆ ತಾವು ಖಿನ್ನತೆಗೊಳಗಾಗಿ ಚಿಕಿತ್ಸೆ ಪಡೆದುದನ್ನು ಮುಚ್ಚುಮರೆಯಿಲ್ಲದೆ ತಿಳಿಸಿದರು. ಎರಡು ವಾರ ಕಳೆದರೂ ದಿನವಿಡೀ ಬೇಸರ ಬಿಡದಿದ್ದರೆ, ನಿದ್ರಾಹಾರಗಳು ಕೆಟ್ಟರೆ, ಸಂಕೋಚಪಡದೆ ವೈದ್ಯರನ್ನು ಕಾಣಬೇಕು. ಬದುಕೇ ಬೇಡವೆನಿಸಿದರಂತೂ ಒಂದು ದಿನವೂ ಕಾಯಬಾರದು. ಸರ್ಕಾರದ ಉಚಿತ ಸಹಾಯವಾಣಿ ಟೆಲಿ ಮಾನಸ್ 14416 ಹಗಲಿರುಳೂ ದೊರೆಯುತ್ತದೆ.

ಆ ಪತ್ರಕ್ಕೆ ನಾನು ಹತ್ತನೆಯ ದಿನ ಉತ್ತರ ಬರೆದೆ, ಎರಡೇ ಸಾಲು. ಇಂದಿನ ಅಖೈರು ಶಿಲ್ಕೇ ನಾಳೆಯ ಆರಂಭದ ಶಿಲ್ಕು ಎಂಬುದನ್ನು ಬ್ಯಾಂಕಿನವನಾದ ನಾನು ಅಂದು ನಿಜವಾಗಿ ಅರಿತೆ.