ಸಾಕಿದ ಸಿಂಹ, ಪಳಗದ ಸಿಂಹ

ತೋಲ್ಪೆಟ್ಟಿಯ ಕಾಡಿಗೆ ನಮ್ಮ ನಾಗರಹೊಳೆ ಅಂಟಿಕೊಂಡೇ ಇದೆ. ಅದರಾಚೆ ಕಬಿನಿ ಸೀಮೆಯ ಕಾರಾಪುರದ ಮಾವುತನ ಮಗ ಸಾಬು, 1937ರ ‘ಎಲಿಫೆಂಟ್ ಬಾಯ್’ ಚಿತ್ರದಲ್ಲಿ ಏರಿದ್ದು ಪಳಗಿದ ಆನೆಯನ್ನು.

1981ರ ಅಮೆರಿಕನ್ ಚಿತ್ರ ‘ರೋರ್’ ಇದಕ್ಕೆ ತದ್ವಿರುದ್ಧ. ನೋಯೆಲ್ ಮಾರ್ಷಲ್, ಟಿಪ್ಪಿ ಹೆಡ್ರೆನ್ ದಂಪತಿ ನೂರಕ್ಕೂ ಹೆಚ್ಚು ಸಿಂಹ, ಹುಲಿಗಳನ್ನು ಸಾಕಿ, ತರಬೇತಿ ಇಲ್ಲದ ಅವುಗಳ ನಡುವೆ ಮಕ್ಕಳ ಸಮೇತ ನಟಿಸಿದರು! ಸುಮಾರು 70 ಮಂದಿಗೆ ಗಾಯಗಳಾದವು. ಛಾಯಾಗ್ರಾಹಕ ಯಾನ್ ಡಿ ಬಾಂಟ್ ಅವರ ನೆತ್ತಿಯ ಚರ್ಮವೇ ಕಿತ್ತುಬಂತು. ಹೆಡ್ರೆನ್ ಮಗಳು ಮೆಲನಿ ಗ್ರಿಫಿತ್ ಮುಖಕ್ಕೆ ಹೊಲಿಗೆ ಬಿತ್ತು. ಕೈತುತ್ತು ತಿಂದ ಸಿಂಹಕ್ಕೆ ಮನುಷ್ಯರ ಭಯ ಹೋಗುತ್ತದೆ, ಹಲ್ಲು ಉಗುರು ಹೋಗುವುದಿಲ್ಲ. ಆಟಕ್ಕೆ ಎರಗಿದರೂ ಗಾಯವೇ.

ಭಾರತದಲ್ಲಿ ಸಿಂಹ, ಹುಲಿಗಳನ್ನು ಪ್ರದರ್ಶನಕ್ಕೆ ಪಳಗಿಸುವುದನ್ನೇ 1998ರ ಅಧಿಸೂಚನೆ ನಿಷೇಧಿಸಿದೆ.

ತೋಲ್ಪೆಟ್ಟಿ–ಕುಟ್ಟ ರಸ್ತೆಯಲ್ಲಿ ಕಾಣುವ ಆನೆಗೆ ಮಾವುತನಿಲ್ಲ. ವಿಡಿಯೋ ಮಾಡಲು ದಯವಿಟ್ಟು ಗಾಡಿಯಿಂದ ಇಳಿಯಬೇಡಿ.