ಗಡಿಯೂರಿನ ಮೊಬೈಲು ಮತ್ತು ‘ಆರ್’ ಎಂಬ ಅಕ್ಷರ

ರೊಳ್ಳ, ಅಗಳಿ, ಅಮರಾಪುರ, ಗುಡಿಬಂಡ ಮಂಡಲಗಳ ಕನ್ನಡ ಶಾಲೆಯ ಪಾಲಕರು ಮೊಬೈಲಿನ ವಿಷಯದಲ್ಲಿ ಹೇಳಿಕೊಳ್ಳುವ ದೂರು ಹೆಚ್ಚಾಗಿ ಒಂದೇ ಬಗೆಯದು: ‘ಸಿಗ್ನಲ್ ಕಡ್ಡಿಗಳೆಲ್ಲ ತುಂಬಿವೆ, ನೆಟ್ ಮಾತ್ರ ಬರುವುದಿಲ್ಲ.’ ರೀಚಾರ್ಜ್ ಮುಗಿದಿರುವುದಿಲ್ಲ. ಫೋನು ಕೆಟ್ಟಿರುವುದಿಲ್ಲ. ಪೇಟೆಯ ಅಂಗಡಿಗೆ ಒಯ್ದರೆ ಅಲ್ಲಿ ಚೆನ್ನಾಗಿಯೇ ನಡೆಯುತ್ತದೆ. ಮನೆಗೆ ತಂದೊಡನೆ ಮತ್ತೆ ನಿಲ್ಲುತ್ತದೆ. ಇಂತಹ ವೇಳೆಯಲ್ಲಿ ಪರದೆಯ ನೆತ್ತಿಯ ಮೇಲೆ, ಸಿಗ್ನಲ್ ಕಡ್ಡಿಗಳ ಪಕ್ಕದಲ್ಲಿ, ‘ಆರ್’ ಎಂಬ ಇಂಗ್ಲಿಷ್ ಅಕ್ಷರ ಸಣ್ಣದಾಗಿ ಮೂಡಿದೆಯೇ ಎಂದು ಮೊದಲು ನೋಡಬೇಕು. ಮೂಡಿದ್ದರೆ, ನಿಮ್ಮ ಫೋನು ಮನೆಯ ಜಗುಲಿಯ ಮೇಲಿದ್ದುಕೊಂಡೇ ಕರ್ನಾಟಕಕ್ಕೆ ಹೋಗಿದೆ ಎಂದರ್ಥ.

ಇದು ವಿನೋದದ ಮಾತಲ್ಲ. ದೂರಸಂಪರ್ಕದ ದೃಷ್ಟಿಯಲ್ಲಿ ಭಾರತವನ್ನು 22 ಸೇವಾ ವಲಯಗಳನ್ನಾಗಿ ವಿಂಗಡಿಸಲಾಗಿದೆ. ಜನರ ಬಾಯಲ್ಲಿ ಇವಕ್ಕೆ ‘ಸರ್ಕಲ್’ ಎಂದು ಹೆಸರು. ಕಂಪನಿಗಳು ತರಂಗಗಳನ್ನು ಹರಾಜಿನಲ್ಲಿ ಕೊಳ್ಳುವುದೂ ವಲಯವಾರು. 2014ರ ಜೂನ್ 2ರಂದು ತೆಲಂಗಾಣ ಪ್ರತ್ಯೇಕ ರಾಜ್ಯವಾಯಿತು. ಆದರೆ ಆಂಧ್ರದ ದೂರಸಂಪರ್ಕ ವಲಯ ಒಡೆಯಲಿಲ್ಲ, ಎರಡು ರಾಜ್ಯಗಳಿಗೂ ಒಂದೇ ಆಗಿ ಉಳಿಯಿತು. ಇದರ ಪರಿಣಾಮ ವಿಚಿತ್ರವಾಗಿದೆ. ರೊಳ್ಳದಲ್ಲಿ ಕೊಂಡ ಸಿಮ್‌ಗೆ ನೂರಾರು ಕಿಲೋಮೀಟರ್ ದೂರದ ಹೈದರಾಬಾದು ತವರುಮನೆ. ಹೊಲದಾಚೆಯ ಶಿರಾ ತಾಲ್ಲೂಕಿನ ಹಳ್ಳಿ ಪರಸ್ಥಳ. ರಾಯದುರ್ಗವನ್ನು 1953ರಲ್ಲಿ ಬಳ್ಳಾರಿಯಿಂದ ಬಿಡಿಸಿ ಆಂಧ್ರಕ್ಕೆ ಸೇರಿಸಿದಾಗ ಎಳೆದ ಗೆರೆಗೆ, ಮಡಕಶಿರದ ಸುತ್ತ ಅದಕ್ಕೂ ಹಿಂದಿನಿಂದ ಇದ್ದ ಗೆರೆಗೆ, ಮುಂದೊಂದು ದಿನ ಮಗುವಿನ ಪಾಠದ ವಿಡಿಯೋ ಬಂದು ತಡೆಯುವುದೆಂದು ಯಾರು ತಾನೇ ಎಣಿಸಿದ್ದರು? ಕಾಸರಗೋಡಿನ ಮಂಜೇಶ್ವರದ ಕಡೆ ಕೇರಳದ ಸಿಮ್ ಇಟ್ಟುಕೊಂಡವರ ಪಾಡೂ ಇದಕ್ಕಿಂತ ಬೇರೆಯಲ್ಲ.

ಒಂದೇ ಕಂಪನಿಯಾದರೂ ವಲಯಕ್ಕೊಂದು ಗುರುತಿನ ಸಂಖ್ಯೆ ಇರುವುದು ವಾಡಿಕೆ. ಬಿಎಸ್‌ಎನ್‌ಎಲ್‌ನ ಕರ್ನಾಟಕ ಜಾಲಕ್ಕೆ 404-71, ಆಂಧ್ರದ ಜಾಲಕ್ಕೆ 404-73. ಟವರ್ ಈ ಸಂಖ್ಯೆಯನ್ನು ಸದಾ ಸಾರುತ್ತಿರುತ್ತದೆ. ಫೋನು ಅದನ್ನು ಸಿಮ್‌ನಲ್ಲಿರುವ ಸಂಖ್ಯೆಯೊಡನೆ ಹೋಲಿಸಿ ನೋಡಿ, ಹೊಂದದಿದ್ದರೆ ತಾನು ಹೊರಗಿದ್ದೇನೆ ಎಂದು ಬಗೆಯುತ್ತದೆ. ಹೊರಗಿದ್ದಾಗ ಕರೆಗೆ ಅಡ್ಡಿಯಿಲ್ಲ. ಆದರೆ ಅನೇಕ ಫೋನುಗಳಲ್ಲಿ ‘ಡೇಟಾ ರೋಮಿಂಗ್’ ಎಂಬ ಗುಂಡಿ ಆರಿಸಿದ ಸ್ಥಿತಿಯಲ್ಲಿದ್ದರೆ ಇಂಟರ್ನೆಟ್ ಪೂರ್ಣವಾಗಿ ನಿಂತುಬಿಡುತ್ತದೆ. ನಾಲ್ಕು ಕಡ್ಡಿಗಳಿದ್ದೂ ನೆಟ್ ಇಲ್ಲದಿರುವ ರಹಸ್ಯ ಬಹುಮಟ್ಟಿಗೆ ಇಷ್ಟೇ. ಕೆಲವು ಕಂಪನಿಗಳು ನೆರೆವಲಯವನ್ನೂ ಸ್ವಂತದ್ದೆಂದೇ ಭಾವಿಸುವಂತೆ ಫೋನಿಗೆ ಸೂಚನೆ ನೀಡುವುದುಂಟು. ಹಾಗಿದ್ದಲ್ಲಿ ‘ಆರ್’ ಕಾಣಿಸದೆಯೂ ಇರಬಹುದು.

ಆ ಗುಂಡಿಯನ್ನು ಆರಿಸಿದವರಾರು? ಬಹಳ ಸಲ ಮನೆಯ ಹಿರಿಯರೇ, ಅದೂ ಸಕಾರಣವಾಗಿಯೇ. ರೋಮಿಂಗ್ ಎಂದರೆ ದುಡ್ಡು ಸೋರುವ ತೂತು ಎಂಬ ಭಯ ಗಡಿನಾಡಿನಲ್ಲಿ ಸುಮ್ಮನೆ ಹುಟ್ಟಿದ್ದಲ್ಲ. 2013ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ವಿಧಿಸಿದ್ದ ಮಿತಿಯಂತೆ ರೋಮಿಂಗ್‌ನಲ್ಲಿ ಬರುವ ಕರೆಗೂ ನಿಮಿಷಕ್ಕೆ 75 ಪೈಸೆಯವರೆಗೆ ತೆರಬೇಕಾಗಿತ್ತು. 2015ರ ಮೇ 1ರಿಂದ ಅದು 45 ಪೈಸೆಗೆ ಇಳಿಯಿತು. ಅದೇ ಜೂನ್ 15ರಿಂದ ಬಿಎಸ್‌ಎನ್‌ಎಲ್ ಒಳಬರುವ ಕರೆಗಳನ್ನು ರೋಮಿಂಗ್‌ನಲ್ಲಿ ಉಚಿತಗೊಳಿಸಿತು. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ರೋಮಿಂಗ್ ಶುಲ್ಕವಿಲ್ಲದೆಯೇ ಮಾರುಕಟ್ಟೆಗೆ ಬಂದಿತು. 2017ರ ಏಪ್ರಿಲ್‌ನಿಂದ ಏರ್‌ಟೆಲ್ ಕೂಡ ದೇಶದೊಳಗಿನ ರೋಮಿಂಗ್ ದರವನ್ನು ಕೈಬಿಟ್ಟಿತು. ಈಗ ನಾವು ಹಾಕಿಸಿಕೊಳ್ಳುವ ತಿಂಗಳ ಪ್ಯಾಕುಗಳಲ್ಲಿ ದಿನದ ಡೇಟಾ ಸಾಮಾನ್ಯವಾಗಿ ಇಡೀ ದೇಶಕ್ಕೆ ಅನ್ವಯಿಸುತ್ತದೆ. ಶುಲ್ಕ ಹೋಯಿತು, ಭಯ ಉಳಿಯಿತು. ಆ ಭಯದ ಬೆಲೆಯನ್ನು ಇಂದು ತೆರುತ್ತಿರುವುದು ಮಕ್ಕಳು.

ಆದ್ದರಿಂದ ನನ್ನ ಸ್ಪಷ್ಟವಾದ ಅಭಿಪ್ರಾಯ: ಗಡಿ ಮಂಡಲಗಳಲ್ಲಿ ಡೇಟಾ ರೋಮಿಂಗನ್ನು ಸದಾ ಹಚ್ಚಿಯೇ ಇಡತಕ್ಕದ್ದು. ‘ಸೆಟ್ಟಿಂಗ್‌ಗಳು’ ತೆರೆದು ‘ನೆಟ್‌ವರ್ಕ್ ಮತ್ತು ಇಂಟರ್ನೆಟ್’, ಕೆಲವು ಫೋನುಗಳಲ್ಲಿ ‘ಸಂಪರ್ಕಗಳು’, ಒಳಹೊಕ್ಕರೆ ಸಿಮ್ ಅಥವಾ ಮೊಬೈಲ್ ನೆಟ್‌ವರ್ಕಿನ ಕೆಳಗೆ ಅದು ಸಿಗುತ್ತದೆ. ಎರಡು ಸಿಮ್ ಇದ್ದರೆ ಎರಡಕ್ಕೂ ಬೇರೆ ಬೇರೆಯಾಗಿ ಹಚ್ಚಬೇಕು. ಒಮ್ಮೆ ಪ್ಯಾಕಿನ ವಿವರವನ್ನು ಓದಿ ‘ರೋಮಿಂಗ್’ ಒಳಗೊಂಡಿದೆಯೇ ಎಂದು ಖಚಿತಪಡಿಸಿಕೊಂಡರೆ ಮತ್ತೆ ಚಿಂತೆಯಿಲ್ಲ. ಎಚ್ಚರಿಕೆ ಬೇಕಾದದ್ದು ವಿದೇಶಕ್ಕೆ ಹೊರಟವರಿಗೆ: ದುಬೈಗೋ ಮಸ್ಕತ್ತಿಗೋ ಹೋಗುವ ಬಂಧುಗಳು ವಿಮಾನ ಹತ್ತುವ ಮೊದಲೇ ಇದನ್ನು ಆರಿಸಲಿ, ಅಲ್ಲಿಯ ದರವೇ ಬೇರೆ. ರೊಳ್ಳದಲ್ಲಿ ಕುಳಿತವರಿಗೆ ವಿದೇಶದ ಟವರ್ ಸಿಗುವ ಸಂಭವವೇ ಇಲ್ಲ.

ಇನ್ನೊಂದು ಸ್ವಾರಸ್ಯವಿದೆ. ಫೋನಿಗೆ ತವರಿನ ಮೋಹ ಬಹಳ. ಆಂಧ್ರದ ಟವರಿನ ಕ್ಷೀಣ ಸಿಗ್ನಲ್ ತುಸುವಾದರೂ ಸಿಗುತ್ತಿರುವವರೆಗೆ, ಪಕ್ಕದಲ್ಲೇ ಕರ್ನಾಟಕದ ಟವರ್ ಪ್ರಬಲವಾಗಿದ್ದರೂ, ಅದು ತವರನ್ನು ಬಿಡಲೊಲ್ಲದು. ಒಮ್ಮೆ ಬಿಟ್ಟು ಹೊರಗೆ ಹೋದರೆ ಮರಳುವುದೂ ತಡ: ಹೊರಗಿರುವಾಗ ಅದು ತವರಿನ ಜಾಲವನ್ನು ಎಷ್ಟು ಹೊತ್ತಿಗೊಮ್ಮೆ ಹುಡುಕಬೇಕೆಂಬುದು ಸಿಮ್‌ನಲ್ಲೇ ಬರೆದಿರುತ್ತದೆ, ಆ ಅವಧಿ ಆರು ನಿಮಿಷದ ಲೆಕ್ಕದಲ್ಲಿ ಏರುತ್ತಾ ಗಂಟೆಗಟ್ಟಲೆಯೂ ಆಗಬಹುದು. ಶಿರಾ ಸಂತೆಗೆ ಹೋಗಿ ಬಂದ ಫೋನು ಊರು ಸೇರಿದ ಮೇಲೂ ಬಹಳ ಹೊತ್ತು ‘ಆರ್’ ಹೊತ್ತುಕೊಂಡಿರುವುದು ಇದೇ ಕಾರಣಕ್ಕೆ. ಏರ್‌ಪ್ಲೇನ್ ಮೋಡನ್ನು ಹತ್ತು ಸೆಕೆಂಡು ಹಚ್ಚಿ ಆರಿಸಿದರೆ ಫೋನು ಹೊಸದಾಗಿ ಹುಡುಕಾಟ ಆರಂಭಿಸುತ್ತದೆ. ಅಂಗಡಿಯವರು ಮಾಡುವ ಚಮತ್ಕಾರಗಳಲ್ಲಿ ಅರ್ಧ ಇದೇ.

‘ಸ್ವಯಂಚಾಲಿತವಾಗಿ ನೆಟ್‌ವರ್ಕ್ ಆಯ್ಕೆ’ ಎಂಬುದನ್ನು ತೆಗೆದು ನಾವೇ ಟವರ್ ಆರಿಸುವ ಮಾರ್ಗವೂ ಇದೆ. ಒಂದೆರಡು ನಿಮಿಷ ಹುಡುಕಿದ ಬಳಿಕ ಜಾಲಗಳ ಪಟ್ಟಿ ಬರುತ್ತದೆ. ನಮ್ಮ ಕಂಪನಿಯದನ್ನು ಮಾತ್ರ ಆರಿಸಬೇಕು, ಪರಕಂಪನಿಯದು ಸಾಮಾನ್ಯವಾಗಿ ಒಳಗೆ ಬಿಡುವುದಿಲ್ಲ. ಪರೀಕ್ಷೆಯ ಹಿಂದಿನ ರಾತ್ರಿ ಎರಡು ಟವರುಗಳ ನಡುವೆ ಫೋನು ಓಲಾಡುತ್ತಿದ್ದರೆ ಇದು ಉಪಯುಕ್ತ. ಆದರೆ ಮರುದಿನ ಹಿಂದೂಪುರಕ್ಕೋ ಪಾವಗಡಕ್ಕೋ ಹೋದಾಗ ಆರಿಸಿದ ಜಾಲ ಸಿಗದೆ ‘ಸೇವೆ ಇಲ್ಲ’ ಎಂದು ಫೋನು ಮೂಕವಾಗಬಹುದು. ಕೆಲಸ ಮುಗಿದೊಡನೆ ಸ್ವಯಂಚಾಲಿತಕ್ಕೆ ಮರಳಿಸುವುದು ವಿವೇಕ.

5ಜಿ ಫೋನು ಕೊಂಡವರಲ್ಲಿ ಮತ್ತೊಂದು ಗೊಂದಲ. ದೇಶದಲ್ಲಿ 5ಜಿ ಆರಂಭವಾದದ್ದು 2022ರ ಅಕ್ಟೋಬರ್ 1ರಂದು. ಊರಿನ ಅಂಚಿನಲ್ಲಿ ಅದರ ಸಿಗ್ನಲ್ ಬಂದು ಹೋಗುವಂತಿದ್ದರೆ ವಿಡಿಯೋ ಪದೇ ಪದೇ ನಿಲ್ಲುತ್ತದೆ. ‘ಆದ್ಯತೆಯ ನೆಟ್‌ವರ್ಕ್ ಪ್ರಕಾರ’ದಲ್ಲಿ 4ಜಿಗೆ ಇಳಿಸಿದರೆ ಪಾಠಕ್ಕೆ ಧಾರಾಳವಾಗಿ ಸಾಲುತ್ತದೆ. ಎಪಿಎನ್ ಎಂಬ ಭಾಗವನ್ನು ತಿಳಿಯದೆ ಮುಟ್ಟದಿರುವುದು ಲೇಸು. ಯಾರಾದರೂ ಮುಟ್ಟಿ ಕೆಡಿಸಿದ್ದರೆ ಅಲ್ಲೇ ಇರುವ ‘ಡೀಫಾಲ್ಟ್‌ಗೆ ಮರುಹೊಂದಿಸಿ’ ಎಂಬುದನ್ನು ಒತ್ತಿದರೆ ಸಾಕು.

ನಮ್ಮ ಕಡೆಯ ಕಲ್ಲುಚಪ್ಪಡಿಯ ಮನೆ, ತಗಡಿನ ಮಾಡು ಇವೂ ಸಿಗ್ನಲ್ಲಿಗೆ ಶತ್ರುಗಳೇ. ರತ್ನಗಿರಿಯ ಸುತ್ತಣ ಬೆಟ್ಟಗುಡ್ಡಗಳನ್ನಂತೂ ಸರಿಸಲಾಗದು. ಆದರೆ ಫೋನನ್ನು ಕಿಟಕಿಯ ಬಳಿ ಸರಿಸಬಹುದು. ಮನೆಯಲ್ಲಿ ಎರಡು ಫೋನುಗಳಿದ್ದರೆ ಒಂದನ್ನು ಕಿಟಕಿಯಲ್ಲಿಟ್ಟು ಹಾಟ್‌ಸ್ಪಾಟ್ ಹಚ್ಚಿ, ಮಗು ಒಳಗೆ ಕುಳಿತು ಇನ್ನೊಂದರಲ್ಲಿ ಓದಲಿ. ಹಾಟ್‌ಸ್ಪಾಟಿಗೆ ಪಾಸ್‌ವರ್ಡ್ ಕಡ್ಡಾಯವಾಗಿ ಇಡಿ. ಅದು ಮೊಬೈಲ್ ಸಂಖ್ಯೆಯೋ ಮಗುವಿನ ಹೆಸರೋ ಆಗಿರಬಾರದು. ವಕೀಲನಾಗಿ ಇದನ್ನು ಒತ್ತಿ ಹೇಳುತ್ತೇನೆ: ನಿಮ್ಮ ಹಾಟ್‌ಸ್ಪಾಟ್ ಮೂಲಕ ಅಪರಿಚಿತನೊಬ್ಬ ಅಪರಾಧವೆಸಗಿದರೆ ತನಿಖೆಯ ಹೆಜ್ಜೆ ಮೊದಲು ಬಂದು ನಿಲ್ಲುವುದು ಸಿಮ್ ಯಾರ ಹೆಸರಿನಲ್ಲಿದೆಯೋ ಅವರ ಬಾಗಿಲಿಗೆ.

ಪ್ರಾಸಂಗಿಕವಾಗಿ ಒಂದು ಮಾತು. ತುರ್ತು ಕರೆ ಯಾವ ರಾಜ್ಯದ ಕೇಂದ್ರಕ್ಕೆ ಹೋಗುವುದೆಂಬುದು ಹಿಡಿದಿರುವ ಟವರನ್ನು ಅವಲಂಬಿಸಿರಬಹುದು. ‘ಆರ್’ ಇರುವಾಗ 108ಕ್ಕೋ 112ಕ್ಕೋ ಕರೆ ಮಾಡಿದರೆ ಕರ್ನಾಟಕದವರು ಎತ್ತಿಕೊಂಡಾರು. ಗಾಬರಿಯಾಗದೆ ಮೊದಲ ವಾಕ್ಯದಲ್ಲೇ ಊರು, ಮಂಡಲ, ಜಿಲ್ಲೆ, ಆಂಧ್ರಪ್ರದೇಶ ಎಂದು ಹೇಳಬೇಕು. ಜಿಲ್ಲೆಯ ಹೆಸರೂ ಬದಲಾಗಿದೆಯಲ್ಲ: 2022ರ ಏಪ್ರಿಲ್‌ನಿಂದ ಮಡಕಶಿರದ ಕಡೆಯವರು ಶ್ರೀ ಸತ್ಯಸಾಯಿ ಜಿಲ್ಲೆಯವರು, ರಾಯದುರ್ಗದವರು ಅನಂತಪುರದವರಾಗಿಯೇ ಉಳಿದಿದ್ದಾರೆ. ಈ ಮಾತನ್ನು ಮಕ್ಕಳಿಗೂ ಕಲಿಸಿಡುವುದು ಒಳ್ಳೆಯದು.

ಇದೆಲ್ಲ ನಗರದವರಿಗೆ ಸಣ್ಣ ವಿಷಯವಾಗಿ ತೋರಬಹುದು. ಆದರೆ ಆಂಧ್ರದಲ್ಲಿ ಕನ್ನಡ ಮಾಧ್ಯಮದ ಮಗುವಿಗೆ ಟ್ಯೂಷನ್ ಹೇಳುವವರು, ಮಾರ್ಗದರ್ಶಿ ಪುಸ್ತಕ ಮಾರುವವರು ವಿರಳ. ಗಣಿತವನ್ನು, ವಿಜ್ಞಾನವನ್ನು ಕನ್ನಡದಲ್ಲಿ ವಿವರಿಸುವ ಪಾಠಗಳು ದೀಕ್ಷಾ ಆ್ಯಪಿನಲ್ಲೋ ಯೂಟ್ಯೂಬಿನಲ್ಲೋ ಇವೆ. ಸಂವಿಧಾನದ 350-ಎ ವಿಧಿ ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣದ ಅನುಕೂಲ ಕಲ್ಪಿಸುವಂತೆ ರಾಜ್ಯಕ್ಕೆ ಹೇಳುತ್ತದೆ. 1956ರಲ್ಲಿ ಅದನ್ನು ಸೇರಿಸಿದಾಗ ಶಾಲೆ, ಶಿಕ್ಷಕ, ಪುಸ್ತಕಗಳಷ್ಟೇ ಕಣ್ಣ ಮುಂದಿದ್ದವು. ಈಗ ಆ ಅನುಕೂಲದ ಒಂದು ಪಾಲು ಟವರಿನ ಮೂಲಕ ಬರುತ್ತಿದೆ.

ನ್ಯಾಯಾಲಯಗಳೂ ಇದನ್ನು ಗಮನಿಸಿವೆ. ಕೋಯಿಕ್ಕೋಡಿನ ಕಾಲೇಜು ವಿದ್ಯಾರ್ಥಿನಿಯೊಬ್ಬರು ಹಾಸ್ಟೆಲಿನ ಮೊಬೈಲ್ ನಿರ್ಬಂಧವನ್ನು ಪ್ರಶ್ನಿಸಿದ ಫಹೀಮಾ ಶಿರಿನ್ ಪ್ರಕರಣದಲ್ಲಿ, 2019ರ ಸೆಪ್ಟೆಂಬರ್ 19ರಂದು ಕೇರಳ ಹೈಕೋರ್ಟು, ಇಂಟರ್ನೆಟ್ ಬಳಕೆಯ ಹಕ್ಕು ಶಿಕ್ಷಣದ ಹಕ್ಕಿನಲ್ಲಿಯೂ 21ನೇ ವಿಧಿಯ ಖಾಸಗಿತನದಲ್ಲಿಯೂ ಅಡಕವಾಗಿದೆಯೆಂದು ಹೇಳಿತು. ಆ ತೀರ್ಪು ಆಂಧ್ರದ ನ್ಯಾಯಾಲಯಗಳನ್ನು ಕಟ್ಟಿಹಾಕುವುದಿಲ್ಲ, ಮಾರ್ಗದರ್ಶಕವಾಗಬಹುದಷ್ಟೆ. 2020ರ ಜನವರಿ 10ರ ಅನುರಾಧಾ ಭಾಸಿನ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಇಂಟರ್ನೆಟ್ ಮೂಲಕದ ಅಭಿವ್ಯಕ್ತಿಗೆ ಸಂವಿಧಾನದ ರಕ್ಷಣೆಯಿದೆ ಎಂದಿತೇ ಹೊರತು, ಸಂಪರ್ಕವೇ ಮೂಲಭೂತ ಹಕ್ಕೆಂದು ಸಾರಲಿಲ್ಲ. ಇವುಗಳನ್ನು ತೋರಿಸಿ ಕಂಪನಿಯಿಂದ ಟವರ್ ಹಾಕಿಸಲಾಗದು. ಗೃಹಸ್ಥರಿಗೆ ನಿಜವಾಗಿ ಒದಗುವುದು ಗ್ರಾಹಕ ಕಾನೂನು.

ರೋಮಿಂಗ್ ಹಚ್ಚಿದೆ, 4ಜಿ ಆರಿಸಿದೆ, ಅದೇ ಸಿಮ್ಮನ್ನು ಇನ್ನೊಂದು ಫೋನಿನಲ್ಲಿ ಹಾಕಿ ನೋಡಿಯೂ ಆಯಿತು, ಆದರೂ ಮನೆಯಂಗಳದಲ್ಲಿ ನೆಟ್ ಇಲ್ಲವೆಂದರೆ ತಪ್ಪು ಬಹುಶಃ ನಿಮ್ಮ ಫೋನಿನದಲ್ಲ. ಆಗ 198ಕ್ಕೆ ಕರೆ ಮಾಡಿ ದೂರು ದಾಖಲಿಸಿ, ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು; ಕರೆ ಉಚಿತ. ಆ ಸಂಖ್ಯೆಯಿಲ್ಲದ ದೂರು ಕಾನೂನಿನ ಕಣ್ಣಿಗೆ ಕಾಣುವುದು ಕಷ್ಟ. ಪರಿಹಾರ ತೃಪ್ತಿಕರವಾಗದಿದ್ದರೆ ಟ್ರಾಯ್‌ನ 2012ರ ನಿಯಮಗಳಂತೆ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ 30 ದಿನಗಳೊಳಗೆ ಹೋಗಬಹುದು. ಅದಕ್ಕೂ ಶುಲ್ಕವಿಲ್ಲ, 39 ದಿನಗಳಲ್ಲಿ ತೀರ್ಮಾನವಾಗಬೇಕು. 2024ರ ಅಕ್ಟೋಬರ್‌ನಿಂದ ಜಾರಿಗೆ ಬಂದ ಸೇವಾ ಗುಣಮಟ್ಟದ ನಿಯಮಗಳಂತೆ ಎಲ್ಲೆಲ್ಲಿ ತನ್ನ ಸಿಗ್ನಲ್ ಇದೆಯೆಂಬ ನಕ್ಷೆಯನ್ನು ಕಂಪನಿ ತನ್ನ ಜಾಲತಾಣದಲ್ಲಿ ಪ್ರಕಟಿಸಬೇಕು. ನಕ್ಷೆಯಲ್ಲಿ ನಿಮ್ಮ ಹಳ್ಳಿಗೆ ಬಣ್ಣ ಬಳಿದಿದ್ದು, ಮನೆಯಲ್ಲಿ ಸಿಗ್ನಲ್ ಇಲ್ಲದಿದ್ದರೆ ಆ ನಕ್ಷೆಯ ಚಿತ್ರವನ್ನು ದಿನಾಂಕದೊಡನೆ ತೆಗೆದಿಟ್ಟುಕೊಳ್ಳಿ. ಅದಕ್ಕಿಂತ ಒಳ್ಳೆಯ ಸಾಕ್ಷ್ಯ ಬೇರೆಯಿಲ್ಲ.

ಅಲ್ಲಿಗೂ ಮುಗಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. 2009ರ ತೀರ್ಪೊಂದನ್ನು ಮುಂದೊಡ್ಡಿ ಟೆಲಿಫೋನ್ ವ್ಯಾಜ್ಯ ಗ್ರಾಹಕ ನ್ಯಾಯಾಲಯಕ್ಕೆ ಸೇರದೆಂದು ಕಂಪನಿಗಳು ಬಹುಕಾಲ ವಾದಿಸುತ್ತಿದ್ದವು. 2022ರ ಫೆಬ್ರವರಿ 16ರಂದು ವೊಡಾಫೋನ್ ಐಡಿಯಾ ವಿರುದ್ಧ ಅಜಯ್ ಕುಮಾರ್ ಅಗರ್ವಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಆ ವಾದವನ್ನು ತಳ್ಳಿಹಾಕಿತು. 2019ರ ಕಾಯ್ದೆಯ ಪ್ರಕಾರ ಗ್ರಾಹಕ ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಹೂಡಬಹುದು. ಕಂಪನಿಯ ಕಚೇರಿ ಹೈದರಾಬಾದಿನಲ್ಲಿದ್ದರೂ ಬೆಂಗಳೂರಿನಲ್ಲಿದ್ದರೂ ಚಿಂತೆಯಿಲ್ಲ. ತೆತ್ತ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವೂ ಇಲ್ಲ, ವಕೀಲರೇ ಬೇಕೆಂದೂ ಇಲ್ಲ. ಆದರೆ ಸಿಮ್ ನಿಮ್ಮ ಹೆಸರಿನಲ್ಲೇ ಇರಬೇಕು. ಅಂಗಡಿಯವನ ಅಥವಾ ಬಂಧುವಿನ ಹೆಸರಿನ ಸಿಮ್ ಹಿಡಿದು ದೂರಿಗೆ ಹೊರಟರೆ ಮೊದಲ ಪ್ರಶ್ನೆಯಲ್ಲೇ ತೊಡಕು. ‘ಸಂಚಾರ್ ಸಾಥಿ’ ತಾಣದಲ್ಲಿ ನಿಮ್ಮ ಸಂಖ್ಯೆ ನಮೂದಿಸಿ, ಬರುವ ಒಟಿಪಿ ಕೊಟ್ಟರೆ ನಿಮ್ಮ ಹೆಸರಿನಲ್ಲಿರುವ ಸಂಖ್ಯೆಗಳ ಪಟ್ಟಿ ತೆರೆಯುತ್ತದೆ; ಮಗು ಬಳಸುವ ಸಂಖ್ಯೆ ಅದರಲ್ಲಿ ಇದೆಯೇ ಎಂದು ಈ ವಾರವೇ ನೋಡಿಕೊಳ್ಳಿ.